ಏಳು ಭಾವಮೈದುನರ ಸಾಲ

ಒಂದಾನೊಂದು ಕಾಲದಲ್ಲಿ ಒಬ್ಬ ರಾಜನಿದ್ದ. ಬೊಕ್ಕಸ ಬರಿದಾದಾಗಲೆಲ್ಲ ಸಾಲ ತರುತ್ತಿದ್ದ; ತನ್ನ ಹೆಸರಲ್ಲಲ್ಲ, ಏಳು ಭಾವಮೈದುನರ ಹೆಸರಲ್ಲಿ! ರಾಣಿ ಕೇಳಿದರೆ, "ನನ್ನ ಮೇಲೆ ಒಂದು ಕಾಸೂ ಇಲ್ಲ" ಎನ್ನುತ್ತಿದ್ದ...

"ಹ್ಞೂಂ..." ಎಂದ ಸೂರ್ಯಕಾಂತ.

ಕಥೆ ಹೇಳುತ್ತಿದ್ದ ಮಧುರಾ ಬೆರಗಾದಳು. ಕೇಳುವವರು ಹ್ಞೂಂಗುಡದಿದ್ದರೆ ಅವಳ ಅಜ್ಜಿ ಕಥೆಯನ್ನೇ ನಿಲ್ಲಿಸುತ್ತಿದ್ದರು. ಆ ನಿಯಮ ಬಲ್ಲ ಹುಡುಗ ಹೈದರಾಬಾದಿನಲ್ಲಿ!

ಅದೂ ಬೇಗಂಪೇಟೆಯ ಟಿವಿ ಸ್ಟುಡಿಯೋದ ಮೇಕಪ್ ಕೋಣೆಯಲ್ಲಿ! ಅರ್ಧ ಗಂಟೆ ಹಿಂದಷ್ಟೇ ಇಬ್ಬರೂ ಒಂದೇ ಪ್ರಿಂಟರ್‌ಗಾಗಿ ತೆಲುಗಿನಲ್ಲಿ ಕಿತ್ತಾಡಿದ್ದರು. ಅವಳು ವಿರೋಧ ಪಕ್ಷದ ವಕ್ತಾರೆ ನಲಿನಿ ಮೇಡಂಗೆ ಟಿಪ್ಪಣಿ ಬರೆಯುವವಳು. ಅವನು ಸರ್ಕಾರದ ಕಡೆಯ ನರಹರಿಯವರಿಗೆ.

ಆ ಸಂಜೆಯ ಚರ್ಚೆ, ರಾಜ್ಯದ ಸಾಲ. ಸರ್ಕಾರಿ ನಿಗಮಗಳ ಹೆಸರಲ್ಲಿ ತಂದದ್ದನ್ನೂ ಬಜೆಟ್ಟಿನಲ್ಲಿ ತೋರಿಸಬೇಕೋ ಬೇಡವೋ? ನಲಿನಿ ಮೇಡಂ ಈ ಕಥೆಯಿಂದಲೇ ಶುರು ಮಾಡುವವರಿದ್ದರು. ಸುತ್ತಲೂ ತೆಲುಗು, ಮೇಕಪ್ ಮಾಡುವವಳದ್ದೂ ತೆಲುಗೇ; ಕನ್ನಡ ಯಾರಿಗೆ ತಿಳಿದೀತು ಎಂದು ಮಧುರಾ ಅದನ್ನು ತನ್ನ ಮಾತಿನಲ್ಲೇ ಗಟ್ಟಿಯಾಗಿ ಹೇಳಿ ನೋಡುತ್ತಿದ್ದಳು.

"ಮುಂದ ಏನಾತ್ರಿ?" ಎಂದು ಕೇಳಿದ ಸೂರ್ಯಕಾಂತ.

"ಚರ್ಚೆ ಮುಗೀಲಿ, ಹೇಳತೀನಿ. ಮಾತು ಕೊಟ್ಟೀನಿ!"

ಆದರೆ ಕ್ಯಾಮೆರಾ ಮುಂದೆ ಮೊದಲು ಮಾತಾಡಿದ್ದು ನರಹರಿ. "ಒಬ್ಬ ರಾಜ ಇದ್ದನಂತೆ, ಅವನಿಗೆ ಏಳು ಭಾವಮೈದುನರು... ಆ ರಾಜ ಯಾರು? ನಮಗಿಂತ ಹಿಂದೆ ಇದ್ದ ನಿಮ್ಮ ಸರ್ಕಾರ!"

ನಲಿನಿ ಮೇಡಂ ತಮ್ಮ ಟಿಪ್ಪಣಿಯ ಮೊದಲ ಹಾಳೆಯನ್ನು ಮಗುಚಿಟ್ಟರು. ಹೊರಗೆ ಬಂದವರೇ ಮಧುರಾಗೆ, "ಇನ್ನೊಂದು ಸಲ ಹೀಗಾದರೆ ನಿನಗೆ ಕೆಲಸವಿಲ್ಲ" ಎಂದರು.

ಮಧುರಾ ಸೂರ್ಯಕಾಂತನನ್ನು ಅಡ್ಡಗಟ್ಟಿದಳು. "ಹ್ಞೂಂ ಹ್ಞೂಂ ಅಂತ ನನ್ನ ಬಾಯಿ ಬಿಡಿಸಿದ್ರಿ!"

"ನಾ ಹೇಳಿಲ್ರಿ..."

"ಹಂಗಾರ ಯಾರು? ಗೋಡಿ ಕನ್ನಡ ಕಲತೈತೇನು?"

ಮುಂದಿನ ವಾರ ಅದೇ ಕೋಣೆ. ಸೂರ್ಯಕಾಂತ ಚಹಾ ತಂದಿಟ್ಟ, ಅವಳು ಮುಟ್ಟಲಿಲ್ಲ. ಫೈಲನ್ನು ಎದೆಗವಚಿ ಕುಳಿತಳು. ಅವನ ಫೋನು ಮೇಜಿನ ಮೇಲೆ ಯಾಕಿದೆ? ರೆಕಾರ್ಡ್ ಮಾಡುತ್ತಿದ್ದಾನಾ? ಈ ಸಪ್ಪೆ ಮುಖವೂ ನಾಟಕವಾ? ಹಾಗಿದ್ದರೆ... ಅವನೆದ್ದು ಹೊರಗೆ ಹೋದಾಗ ನನಗೇಕೆ ಅಳು ಬರುತ್ತಿದೆ?

ಅಷ್ಟರಲ್ಲಿ ಮೇಕಪ್ ಮಾಡುವ ಅಂಬುಬಾಯಿ ಅವಳ ಕಿವಿಯ ಬಳಿ ಬಾಗಿದಳು. ಎಂದೂ ತೆಲುಗು ಬಿಟ್ಟು ಮಾತಾಡದವಳು!

"ಯವ್ವಾ, ಆ ರಾಣಿ ಮುಂದ ಏನ್ ಮಾಡಿದ್ಲು? ವಾರದಿಂದ ಜೀವಕ್ಕ ಸಮಾಧಾನ ಇಲ್ಲ ನೋಡು!"

"ನಿಮಗ... ಕನ್ನಡ ಬರ್ತದ?!"

"ಬೀದರದಾಕಿ ನಾ! ಭಾಳ ಚಂದ ಅನಿಸ್ತು, ನರಹರಿ ಸಾಹೇಬ್ರಿಗೆ ಪೌಡರ್ ಹಚ್ಚಕೋತ ಅದನ್ನ ಹೇಳಿದ್ನಲ್ಲ! ತಪ್ಪಾತೇನು?"

ಮಧುರಾ ಓಡಿದಳು. ಸೂರ್ಯಕಾಂತ ಮೆಟ್ಟಿಲ ಮೇಲೆ ಕುಳಿತಿದ್ದ.

"ತಪ್ಪು ನಂದು... ಹೇಳಿದ್ದು ಅಂಬುಬಾಯಿ! ನಿಮ್ಮನ್ನ ನಂಬಲಿಲ್ಲ ನಾ."

"ಸಾಹೇಬ್ರು ಆ ಕಥಿ ಶುರು ಮಾಡಿದ ಕೂಡ್ಲೇ ನನ್ನ ಎದಿ ಧಸಕ್ಕಂತು," ಎಂದ ಅವನು. "ಇನ್ನ ನೀವು ಮುಂದಿಂದು ಹೇಳೂದಿಲ್ಲಲ್ಲ ಅಂತ..."

ಅವಳು ಪಕ್ಕದಲ್ಲಿ ಕುಳಿತಳು. ಬಾಗಿಲ ಹಿಂದೆ ಅಂಬುಬಾಯಿಯ ಬಳೆ ಸದ್ದಾಯಿತು. ಮಧುರಾ ದನಿ ತುಸು ಏರಿಸಿದಳು.

"ರಾಣಿ ಏಳೂ ತಮ್ಮಂದಿರ ಮನಿಗೆ ಹೋಗಿ, ಸಾಲದ ಪತ್ರ ಎಲ್ಲಾ ತಂದು ರಾಜನ ಮುಂದ ಹಾಸಿದ್ಲು."

"ಹ್ಞೂಂ."

"ಸಾಲಕ್ಕ ಸಿಟ್ಟಿಲ್ಲ, ನನ್ನಿಂದ ಮುಚ್ಚಿಟ್ಟಿಯಲ್ಲ, ಅದಕ್ಕ ಸಿಟ್ಟು, ಅಂದ್ಲು."

"ಹ್ಞೂಂ..."

"ರಾಜ ತನ್ನ ಕೈಯಾರೆ ಎಲ್ಲಾ ಕೂಡಿಸಿ ಬರದು, ಊರ ಬಾಗಲಕ್ಕ ತೂಗುಹಾಕಿದ. ಕಥಿ ಮುಗೀತು."

ಸೂರ್ಯಕಾಂತ ಮೆಟ್ಟಿಲ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ.

"ಯಾಕ್ರಿ, ಹ್ಞೂಂ ಅನ್ನಲಿಲ್ಲ?"

"ನಾನೂ ಒಂದು ಮುಚ್ಚಿಟ್ಟೀನಿ, ಮಧುರಾ... ನೀವಂದ್ರ ನನಗ ಪ್ರಾಣ."

ಅವಳು ತಲೆ ತಗ್ಗಿಸಿದಳು. ಆಮೇಲೆ, ಮೆಲ್ಲಗೆ...

"ಹ್ಞೂಂ."