ಬೆಳ್ಮಣ್ಣಿನ ಮನೆಯಲ್ಲಿ ಹೇಳಬಾರದ ಮಾತು

"ಅವರಿಗೆ ಅದು ಬೇಡಮ್ಮ!"

ಜಿತೇಶ್‌ನ ಕೈ ಬಾಳೆಲೆಗೆ ಅಡ್ಡ ಬಂತು. ಅವನ ತಾಯಿ ಪುಷ್ಪಾವತಿ ಬಡಿಸಲು ಹೊರಟಿದ್ದ ಒಣಸಿಗಡಿ ಚಟ್ನಿ ಚಮಚದಲ್ಲೇ ಉಳಿಯಿತು.

ನಿಖಿತಾ ತಲೆಯೆತ್ತಿ ಅವನನ್ನು ನೋಡಿದಳು.

ಅಂದು ಅವಳು ಅಮ್ಮನ ಜೊತೆ ಕಾಪುವಿನಿಂದ ಬೆಳ್ಮಣ್ಣಿಗೆ, ಹುಡುಗನ ಮನೆ ನೋಡಲು ಬಂದಿದ್ದಳು. ಫೋಟೋ ನೋಡಿ ಎರಡೂ ಕಡೆಯವರು ಒಪ್ಪಿಯಾಗಿತ್ತು. ಎಲೆಯ ತುದಿಯಲ್ಲಿ ಮಾವಿನ ಉಪ್ಪಿನಕಾಯಿ, ಪಕ್ಕದಲ್ಲಿ ಹಪ್ಪಳ. ಒಂದನ್ನೂ ಮುಟ್ಟಲಾಗದೆ, ಬಿಡಲೂ ಆಗದೆ ಅವಳು ಅನ್ನ ಕಲಸುತ್ತಲೇ ಕುಳಿತಿದ್ದಳು.

"ಯಾಕೆ, ಖಾರ ಆಗುವುದಿಲ್ವಾ?" ಪುಷ್ಪಾವತಿ ಕೇಳಿದರು.

"ಹ್ಞಾಂ... ಖಾರ ಆಗುವುದಿಲ್ಲವಂತೆ," ಎಂದ ಜಿತೇಶ್ ಅವಳತ್ತ ನೋಡದೆ.

ಆಗ ಅವಳಿಗೆ ಆ ಮುಖ ನೆನಪಾಯಿತು. ಕಳೆದ ವಾರ ಮಣಿಪಾಲದ ಕ್ಲಿನಿಕ್ಕಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಬರುವಾಗ ಬಾಗಿಲಲ್ಲಿ ಒಬ್ಬನಿಗೆ ಡಿಕ್ಕಿ ಹೊಡೆದಿದ್ದಳು. ಅವನು ಇವನೇ! ಒಳಗೆ ಡಾಕ್ಟರ್ ಶಾರ್ಲೆಟ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಾನೆ!

"ನೂರ ನಲವತ್ತೆಂಟು, ತೊಂಬತ್ತನಾಲ್ಕು. ನಾಲ್ಕು ಸಲ ನೋಡಿದರೂ ಹಾಗೇ ಉಂಟು. ವಯಸ್ಸು ಇಪ್ಪತ್ತೆಂಟೇ ಅಲ್ವಾ? ಮೂರು ತಿಂಗಳು ನೋಡುವ. ಉಪ್ಪು ಕಡಿಮೆ ಮಾಡಿ, ಹಪ್ಪಳ ಉಪ್ಪಿನಕಾಯಿ ಬಿಡಿ, ಸೊಪ್ಪು ತರಕಾರಿ ತಿನ್ನಿ, ದಿನಾ ಅರ್ಧ ಗಂಟೆ ನಡೆಯಿರಿ. ಇಳಿಯದಿದ್ದರೆ ಮಾತ್ರೆ ಶುರು ಮಾಡಬೇಕು."

ಮನೆಗೆ ಬಂದು ಹೇಳಿದಾಗ ಅಮ್ಮ ಮನೋರಮಾ ಮೊದಲು ಕಿಟಕಿ ಮುಚ್ಚಿದ್ದರು.

"ಈ ಮಾತು ಬೆಳ್ಮಣ್ಣಿನ ಮನೆಯಲ್ಲಿ ಬಾಯಿ ತಪ್ಪಿಯೂ ಬರಬಾರದು! ಬಿ.ಪಿ. ಇರುವ ಹುಡುಗಿಯನ್ನು ಯಾರು ಕಟ್ಟಿಕೊಳ್ಳುತ್ತಾರೆ?"

ಬೆಳ್ಮಣ್ಣಿನಿಂದ ಮರಳಿದ ಮೇಲೆ, ಇನ್ನೇನು ಸಂಬಂಧ ಮುರಿಯುತ್ತದೆ ಎಂದುಕೊಂಡು ನಿಖಿತಾ ದಿನ ಎಣಿಸಿದಳು. ಒಂದು ವಾರವಾಯಿತು. ಎರಡಾಯಿತು. ಅತ್ತಲಿಂದ ಯಾರೂ ಏನೂ ಹೇಳಲಿಲ್ಲ.

*ಯಾಕೆ ಹೇಳಲಿಲ್ಲ ಅವನು?*

ಅವಳಿಗೆ ಈ ಮೌನವೇ ಹೆಚ್ಚು ಭಯ ಹುಟ್ಟಿಸಿತು.

ಮನೆಯಲ್ಲೂ ಅವಳಿಗೆ ಉಸಿರಾಡಲು ಜಾಗವಿರಲಿಲ್ಲ. ಬೆಳಿಗ್ಗೆ ಸಮುದ್ರದ ಬದಿಗೆ ನಡೆಯಲು ಹೊರಟರೆ, "ನೆರೆಯವರು ಕೇಳಿದರೆ ಎಂತ ಹೇಳುವುದು?" ಎಂದು ಅಮ್ಮ ಬಾಗಿಲಲ್ಲಿ ಅಡ್ಡ ನಿಲ್ಲುತ್ತಿದ್ದರು. ಬೇರೆ ಅಡುಗೆ ಮಾಡಿಕೊಂಡರೆ ಕೆಲಸದವಳಿಗೆ ಗೊತ್ತಾಗುತ್ತದಂತೆ!

ಕದಿಯುವವಳ ಹಾಗೆ ತನ್ನ ಜೀವವನ್ನು ತಾನೇ ಕಾಪಾಡಿಕೊಳ್ಳಬೇಕಾಯಿತು. ಅಮ್ಮ ಸಾರಿಗೆ ಉಪ್ಪು ಹಾಕುವ ಮೊದಲೇ ತನ್ನ ಪಾಲನ್ನು ಬಟ್ಟಲಿಗೆ ತೆಗೆದಿಡುವಳು. ಬೂತಾಯಿ ಮೀನಿಗೆ ಹುಳಿ, ಕಾಳುಮೆಣಸು ಜಾಸ್ತಿ ಹಾಕಿ ಉಪ್ಪಿನ ಕೊರತೆ ಮರೆಸುವಳು. ಕಾರ್ಕಳದ ಕಾಲೇಜಿನಲ್ಲಿ ಅವಳು ಲೈಬ್ರೇರಿಯನ್. ಬಸ್ಸಿನಿಂದ ಎರಡು ಸ್ಟಾಪ್ ಮೊದಲೇ ಇಳಿದು ನಡೆಯುವಳು. ಮಧ್ಯಾಹ್ನದ ಬುತ್ತಿಯಲ್ಲಿ ಹರಿವೆ ಸೊಪ್ಪಿನ ಪಲ್ಯ, ಸೌತೆಕಾಯಿ. ಸ್ಟಾಫ್ ರೂಮಿನ ಚಕ್ಕುಲಿಯ ಡಬ್ಬ ಎದುರು ಬಂದರೆ "ಹೊಟ್ಟೆ ಸರಿ ಇಲ್ಲ" ಎಂಬ ಸುಳ್ಳು.

ಮೊದಲ ತಿಂಗಳು ಎಲ್ಲವೂ ಸಪ್ಪೆ! ಆಮೇಲೆ ನಾಲಿಗೆ ಒಗ್ಗಿತು. ಸುಳ್ಳಿಗೆ ಮಾತ್ರ ಮನಸ್ಸು ಒಗ್ಗಲಿಲ್ಲ.

ಮೂರನೇ ತಿಂಗಳ ಕೊನೆಗೆ ಡಾಕ್ಟರ್ ಶಾರ್ಲೆಟ್ ನಕ್ಕರು.

"ನೂರ ಇಪ್ಪತ್ತಾರು, ಎಂಬತ್ತು! ಒಳ್ಳೆಯದಾಯಿತು. ಆದರೆ ಇಳಿಯಿತು ಅಂತ ಬಿಡಬಾರದು. ಇದೇ ಕ್ರಮ ಯಾವಾಗಲೂ ಇರಲಿ, ಆಗಾಗ ಚೆಕ್ ಮಾಡಿಸಿ."

ಮನೋರಮಾ ಕೇಳಿಸಿಕೊಂಡದ್ದು ಅರ್ಧ ಮಾತ್ರ. "ಇಳಿಯಿತಲ್ಲ! ಇನ್ನು ಹೇಳುವುದಕ್ಕೆ ಎಂತ ಉಂಟು? ಪುಷ್ಪಾವತಿ ಫೋನ್ ಮಾಡಿದ್ದರು. ಬರುವ ತಿಂಗಳು ಮದುವೆ."

ನಿಖಿತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

*ಆ ಮನೆಯಲ್ಲಿ ದಿನಕ್ಕೆ ಮೂರು ಸಲ ಎಲೆ ಮುಂದೆ ಕೂರಬೇಕು. ಎಷ್ಟು ವರ್ಷ ಸುಳ್ಳು ಹೇಳಲಿ? ಅವನಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದಾನೆ. ಜಗಳವಾದಾಗಲೆಲ್ಲ "ನಿನ್ನ ಗುಟ್ಟು ಮುಚ್ಚಿಟ್ಟು ಕಟ್ಟಿಕೊಂಡೆ" ಎಂದರೆ? ಆಯುಷ್ಯವಿಡೀ ಅವನ ಉಪಕಾರದ ಕೆಳಗೆ...*

ಮರುದಿನ ಕಾರ್ಕಳದ ಬಸ್ ಬೆಳ್ಮಣ್ಣಿನಲ್ಲಿ ನಿಂತಾಗ ಅವಳು ಇಳಿದುಬಿಟ್ಟಳು.

ಪುಷ್ಪಾವತಿ ಬಾಗಿಲು ತೆರೆದು ಬೆರಗಾದರು. "ಒಬ್ಬಳೇ ಬಂದೆಯಾ ಮಗಾ? ಬಾ, ಬಾ!"

ಪಂಪ್ ರಿಪೇರಿ ಅಂಗಡಿಗೆ ಹೊರಟಿದ್ದ ಜಿತೇಶ್ ಬೈಕಿನ ಕೀ ಹಿಡಿದು ಅಲ್ಲೇ ನಿಂತ.

ನಿಖಿತಾ ಕೂರಲಿಲ್ಲ. ಕೂತರೆ ಧೈರ್ಯವೂ ಕೂತುಬಿಡುತ್ತದೆ ಎಂಬ ಭಯ!

"ಮಾಮೀ, ನನಗೆ ಬಿ.ಪಿ. ಉಂಟು. ಈಗ ಹತೋಟಿಯಲ್ಲಿ ಉಂಟು, ಆದರೆ ಇಡೀ ಜೀವನ ಜಾಗ್ರತೆ ಮಾಡಬೇಕು. ನಿಮ್ಮ ಮಗನಿಗೆ ಇದು ಮೊದಲೇ ಗೊತ್ತಿತ್ತು. ನಿಮಗೆ ಬೇಡವಾದರೆ ಈಗಲೇ ಹೇಳಿ. ನನಗೆ ಯಾರ ಉಪಕಾರವೂ ಬೇಡ!"

ಪುಷ್ಪಾವತಿ ನೋಡಿದ್ದು ಅವಳನ್ನಲ್ಲ, ಮಗನನ್ನು.

"ಅಮ್ಮ," ಜಿತೇಶ್ ಮೆಲ್ಲಗೆ ಹೇಳಿದ, "ಇನ್ನು ಸಾಕು. ಹೇಳಿಬಿಡುವ."

"ಬೇಡ ಮಾರಾಯ..."

"ನನಗೂ ಉಂಟು ನಿಖಿತಾ. ಎರಡು ವರ್ಷವಾಯಿತು."

ಅವನು ಬೈಕಿನ ಕೀಯನ್ನು ಕಿಸೆಗೆ ಹಾಕಿದ.

"ಮದುವೆಗೆಂದು ದುಬೈಯಿಂದ ಬಂದೆ ಅಂತ ನಿಮಗೆ ಹೇಳಿದ್ದು ಸುಳ್ಳು. ಅಲ್ಲಿಯ ಮೆಡಿಕಲ್ ಟೆಸ್ಟ್‌ನಲ್ಲಿ ಫೇಲ್ ಆಗಿ ಬಂದದ್ದು. ನೈಟ್ ಶಿಫ್ಟ್, ಕ್ಯಾಂಟೀನ್ ಊಟ, ದಿನಾ ಸಿಗರೇಟ್... ಈಗ ಸಿಗರೇಟ್ ಬಿಟ್ಟಿದ್ದೇನೆ. ಮಾತ್ರೆ ಬಿಡುವ ಹಾಗಿಲ್ಲ. ಆ ದಿನ ಕ್ಲಿನಿಕ್ಕಿಗೆ ನನ್ನದೇ ಚೆಕಪ್‌ಗೆ ಬಂದಿದ್ದೆ."

"ಹಾಗಾದರೆ... ನನಗೆ ಡಾಕ್ಟರ್ ಹೇಳಿದ್ದನ್ನು ನೀವು ಕೇಳಿಸಿಕೊಂಡಿರಲಿಲ್ವಾ?"

"ಇಲ್ಲ! ನೀವು ಅಳುತ್ತಾ ಬಂದದ್ದು ಮಾತ್ರ ನೋಡಿದೆ. ಇಲ್ಲಿ ಊಟಕ್ಕೆ ಕೂತು ಚಟ್ನಿ ನೋಡಿ ಹೆದರಿದಿರಲ್ಲ, ಆಗ ಗೊತ್ತಾಯಿತು. ಬೇರೆಯವರ ಮನೆಯಲ್ಲಿ ನಾನೂ ಹಾಗೇ ಕೂರುವುದು. ಮಾರನೆಯ ದಿನವೇ ನಿಮಗೆ ಹೇಳಬೇಕಿತ್ತು. ಅಮ್ಮ ಆಣೆ ಹಾಕಿಸಿದ್ದರು... ನಾನು ಹೇಡಿಯಾದೆ."

ಪುಷ್ಪಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. "ತಪ್ಪು ನನ್ನದು ಮಗಾ. ಗೊತ್ತಾದರೆ ನಿಮ್ಮವರು ಹುಡುಗಿ ಕೊಡಲಿಕ್ಕಿಲ್ಲ ಅಂತ ಹೆದರಿದೆ."

ನಿಖಿತಾಳಿಗೆ ಸಿಟ್ಟು ಬಂತು. ಮೂರು ತಿಂಗಳ ಸಂಕಟಕ್ಕೆ ಸಿಟ್ಟು! ಅದರ ಹಿಂದೆಯೇ ತಡೆಯಲಾಗದ ಅಳು.

ಆ ಹೊತ್ತಿಗೇ ಅವಳ ಮೊಬೈಲ್ ಬಡಿದುಕೊಂಡಿತು.

"ಅಮ್ಮಾ... ನಾನು ಬೆಳ್ಮಣ್ಣಿನಲ್ಲಿದ್ದೇನೆ. ಎಲ್ಲ ಹೇಳಿದೆ."

ಪುಷ್ಪಾವತಿ ಮೂಗೊರೆಸಿಕೊಂಡು ಫೋನಿಗೆ ಕೈ ಚಾಚಿದರು.

"ಮನೋರಮಕ್ಕ, ಹೆದರಬೇಡಿ. ನಾನೂ ನಿಮ್ಮಿಂದ ಒಂದು ಮುಚ್ಚಿಟ್ಟಿದ್ದೆ..." ಎನ್ನುತ್ತಾ ಅಡುಗೆಮನೆಗೆ ನಡೆದರು.

ಜಗಲಿಯಲ್ಲಿ ಇಬ್ಬರೇ ಉಳಿದರು.

"ಸಿಟ್ಟು ಹೋಗಲಿಲ್ವಾ?" ಜಿತೇಶ್ ಕೇಳಿದ.

"ಇಲ್ಲ. ಸ್ವಲ್ಪ ದಿನ ಇರುತ್ತದೆ."

"ಇರಲಿ. ನಾನು ಕಾಯುತ್ತೇನೆ." ಅವನು ಅವಳತ್ತ ತಿರುಗಿದ. "ಉಪಕಾರ ಅಂದಿರಲ್ಲ... ಅದಲ್ಲ ನಿಖಿತಾ. ನನಗೆ ನೀವು ಇಷ್ಟ. ಇವತ್ತು ಒಬ್ಬರೇ ಬಂದು ನಿಂತಿರಲ್ಲ, ಇನ್ನೂ ಇಷ್ಟ!"

ಅವಳು ಕಣ್ಣೊರೆಸಿಕೊಂಡಳು.

"ಇನ್ನೇನಾದರೂ ಮುಚ್ಚಿಟ್ಟದ್ದು ಉಂಟಾ?"

"ಒಂದು ಉಂಟು."

"ಎಂತ?"

"ಗೊರಕೆ ಹೊಡೆಯುತ್ತೇನೆ. ಜೋರು!"

ಮೂರು ತಿಂಗಳಲ್ಲಿ ಮೊದಲ ಸಲ ನಿಖಿತಾ ಬಾಯ್ತುಂಬ ನಕ್ಕಳು.

"ಅದಕ್ಕೂ ಡಾಕ್ಟರ ಹತ್ತಿರ ಹೋಗುವ," ಎಂದಳು. "ಒಟ್ಟಿಗೇ."