ಮೂರನೇ ಕಲ್ಲು ಅಲುಗಲಿಲ್ಲ

"ಕಾಲು ಬಿಡ್ಬೇಡ ತಮ್ಮಾ! ಬಿಟ್ರೆ ನನ್ನನ್ನೂ ಸೇರಿಸಿ ಮ್ಯೂಸಿಯಂನಲ್ಲಿ ಇಡ್ತಾರೆ!"

ತೂಕದಕ್ಕನ ದನಿ ದೋಣಿಯ ತಳದಿಂದ ಬಂತು. ಅವಳ ಅರ್ಧ ಮೈ ಹಾಸುಹಲಗೆಯ ಕೆಳಗಿತ್ತು. ಟೈಪಿಸ್ಟ್ ಅವಳ ಪಾದಗಳನ್ನು ಅವುಚಿ ಹಿಡಿದುಕೊಂಡೇ, ವಾಹನ ತಪಾಸಣೆ ಕಚೇರಿಯ ಅಂಗಳದಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣು ಹಾಯಿಸಿದ. ಇನ್ಸ್‌ಪೆಕ್ಟರ್ ಕಿಟಕಿಯಲ್ಲೇ ನಿಂತಿದ್ದರು.

ಅಕ್ಕ ಹೊರಬಂದು ಅಂಗೈ ತೋರಿಸಿದಳು. ಮರಳು, ಒಂದಿಷ್ಟು ಹಸಿರು ಪಾಚಿ.

"ಹಿಂಬದಿಯ ಹಲಗೆ ಕೆಳಗೆ ಹೊಸ ಗೀರುಗಳಿವೆ. ಲಂಗರು ಎಲ್ಲಿತ್ತು?"

"ಮುಂದೆ. ಮ್ಯೂಸಿಯಂನವರೇ ಇಟ್ಟದ್ದು. ನನಗೆ ಮೊದಲಿಂದ ಅವರ ಮೇಲೇ ಅನುಮಾನ."

"ಇಪ್ಪತ್ತು ಕೆಜಿ ಲಂಗರಿಗೆ ಜೀಪು ಗೋಡೆಗೆ ಬಡಿಯುತ್ತಾ? ನೀನು ಟೈಪ್ ಮಾಡು, ಅನುಮಾನ ನನಗೆ ಬಿಡು."

ಲಾರಿ ತೂಗುವ ಕಟ್ಟೆಯಲ್ಲಿ ಮೂವತ್ತೊಂದು ವರ್ಷ ಕೂತವಳು ಆಕೆ. ಲಾರಿಯ ಸ್ಪ್ರಿಂಗ್ ಪಟ್ಟಿ ಬಾಗಿದ್ದು ನೋಡಿಯೇ ಒಳಗೇನು ಬಚ್ಚಿಟ್ಟಿದ್ದಾರೆ ಎಂದು ಹೇಳುತ್ತಿದ್ದಳು. ನಿವೃತ್ತಿಯ ನಂತರ ಕಚೇರಿಯ ಮಹಡಿಯ ಕೋಣೆಯಲ್ಲೇ ವಾಸ. ಊರಿನ ಬಿಡಿಸಲಾಗದ ಗಂಟುಗಳೆಲ್ಲ ಆ ಮಹಡಿ ಹತ್ತುತ್ತಿದ್ದವು. ಈ ಗಂಟನ್ನು ಹೊತ್ತು ಹತ್ತಿದವನು ಪಕ್ಕದ ಕೋಣೆಯ ಟೈಪಿಸ್ಟನೇ.

ಹೊಳೆಗೆ ಸೇತುವೆ ಬಂದಿತ್ತು, ದೋಣಿ ನಿಂತಿತ್ತು. ಸೋಮವಾರ ಆ ಕೊನೆಯ ದೋಣಿಯನ್ನು ಟ್ರೇಲರಿಗೇರಿಸಿ, ಜೀಪಿಗೆ ಕಟ್ಟಿ ಮ್ಯೂಸಿಯಂಗೆ ಒಯ್ಯುತ್ತಿದ್ದರು. ಜೀಪು ಓಡಿಸುತ್ತಿದ್ದವನು, ಆ ದೋಣಿ ನಡೆಸುತ್ತಿದ್ದ ದೋಣಿಯಜ್ಜನ ಒಬ್ಬನೇ ಮಗ. ದಡದ ಏರು ಹತ್ತಿ ಆಚೆ ಇಳಿಯುವಾಗ ಟ್ರೇಲರ್ ಅಡ್ಡ ಬೀಸಿ, ಜೀಪು ಗೋಡೆಗೆ ಬಡಿದು, ಮಗನ ಕಾಲು ಮುರಿಯಿತು. ಜೀಪಿಗೆ ಕಂಪನಿಯವರು ಹೊಡೆದ ತಗಡಿನಲ್ಲಿ ಎಳೆಯುವ ಮಿತಿ ಸಾವಿರದೈನೂರು ಕೆಜಿ ಎಂದಿತ್ತು. ಮರುದಿನ ತೂಗಿದಾಗ ದೋಣಿ, ಲಂಗರು, ಟ್ರೇಲರ್ ಎಲ್ಲ ಸೇರಿ ಸಾವಿರದ ಮುನ್ನೂರ ತೊಂಬತ್ತು. ಮಿತಿಯೊಳಗೇ ಇದೆ, ಹಾಗಾದರೆ ತಪ್ಪು ವೇಗದ್ದೇ ಎಂದು ಇನ್ಸ್‌ಪೆಕ್ಟರ್ ತೀರ್ಮಾನಿಸಿದರು. ಸಂಜೆಯೊಳಗೆ ವರದಿ ಟೈಪಾದರೆ ಹುಡುಗನ ಲೈಸೆನ್ಸ್ ಶಾಶ್ವತವಾಗಿ ರದ್ದು. ಅವನಿಗೆ ಬೇರೆ ಕೆಲಸ ಬಾರದು. ಟೈಪಿಸ್ಟ್ ಹಾಳೆಯನ್ನು ಯಂತ್ರದಲ್ಲೇ ಬಿಟ್ಟು ಎದ್ದಿದ್ದ.

ಮಗ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ.

"ಇಪ್ಪತ್ತರ ಸ್ಪೀಡೂ ಇರ್ಲಿಲ್ಲ ಅಕ್ಕ. ಇಳಿಯುವಾಗ ಹಿಂದಿನಿಂದ ಯಾರೋ ನೂಕಿದ ಹಾಗಾಯ್ತು. ಬ್ರೇಕ್ ಒತ್ತಿದ್ರೆ ಜೀಪಿನ ಹಿಂದಿನ ಚಕ್ರ ನೆಲಾನೇ ಹಿಡೀಲಿಲ್ಲ."

"ಆಸ್ಪತ್ರೆಗೆ ಯಾರು ಕರ್ಕೊಂಡು ಹೋದ್ರು?"

"ಮ್ಯೂಸಿಯಂನವರು. ಅಪ್ಪ ದೋಣಿ ಕಾಯ್ತೀನಿ ಅಂತ ಅಲ್ಲೇ ಉಳಿದ್ರು. ಆ ದೋಣಿ ಅಂದ್ರೆ ಅವರಿಗೆ ಪ್ರಾಣ. ನಿನ್ನ ಜೀಪು ಎಷ್ಟು ಎಳೆಯತ್ತೋ ಅಂತ ಹಿಂದಿನ ವಾರವೆಲ್ಲ ಕೇಳಿದ್ದೇ ಕೇಳಿದ್ದು. ಸಾವಿರದೈನೂರು, ಅದರ ಮೇಲಿಲ್ಲ ಅಂತ ಹೇಳಿ ಹೇಳಿ ಸಾಕಾಯ್ತು."

ಅಲ್ಲಿಂದ ಹೊಳೆದಡಕ್ಕೆ ನಡೆದರು. ಟ್ರೇಲರ್ ಬಂದುಹೋದ ಹಾದಿ ಅದೇ ದಡದಲ್ಲಿ ತುಸು ಆಚೆಗೆ. ಈಚೆಗೆ ನೀರಿಗಿಳಿಯಲು ಸಾಲಾಗಿ ಜೋಡಿಸಿದ ಹತ್ತು ಕಲ್ಲುಗಳು. ಟೈಪಿಸ್ಟ್ ಇಪ್ಪತ್ತೆರಡು ವರ್ಷ ದಿನಾ ಇಲ್ಲೇ ಇಳಿದು ದೋಣಿ ಹತ್ತಿದ್ದ. ಮೇಲಿನಿಂದ ಮೂರನೆಯ ಕಲ್ಲು ಅಲುಗುತ್ತಿತ್ತು. ಬಲ್ಲವರು ದಾಟಿ ಕಾಲಿಡುತ್ತಿದ್ದರು. ಟೆಲಿಫೋನ್ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಲ್ಲವಳಲ್ಲ. ಕಾಲಿಟ್ಟಳು, ವಾಲಿದಳು, ಪಕ್ಕದಲ್ಲಿದ್ದ ಇವನ ತೋಳು ಹಿಡಿದಳು. ಮದುವೆಯಾದ ಮೇಲೂ ಆ ಕಲ್ಲಿನ ಮೇಲೆ ಬೇಕೆಂದೇ ಕಾಲಿಡುತ್ತಿದ್ದಳು. ಅವಳು ತೀರಿಹೋಗಿ ನಾಲ್ಕು ವರ್ಷವಾಯಿತು.

ಅವನು ಮೂರನೇ ಕಲ್ಲಿನ ಮೇಲೆ ನಿಂತ. ಮೈಭಾರ ಹಾಕಿದ. ಇನ್ನೊಮ್ಮೆ ಹಾಕಿದ.

"ಅಕ್ಕ, ಇದು ಅಲುಗ್ತಿಲ್ಲ."

"ಒಳ್ಳೇದಾಯ್ತಲ್ಲ, ಈ ವಯಸ್ಸಲ್ಲಿ ಬಿದ್ರೆ ಯಾರು ಎತ್ತಬೇಕು?"

"ಅಲ್ಲಕ್ಕ. ಇದು ಯಾವತ್ತೂ ಅಲುಗೋದು." ಅವನು ಒಂದೊಂದೇ ಇಳಿದ. ಏಳನೆಯದು ಗಡಗಡ ಎಂದಿತು.

ಅಕ್ಕ ಕುಕ್ಕರುಗಾಲಲ್ಲಿ ಕೂತಳು. ಎರಡು ಕಲ್ಲುಗಳ ಸವೆದ ಮುಖ ಕೆಳಗಾಗಿ, ಪಾಚಿಯ ಮುಖ ಮೇಲಾಗಿತ್ತು. ಹತ್ತರ ಬುಡದಲ್ಲೂ ಮಣ್ಣು ಹೊಸದಾಗಿ ಕದಡಿತ್ತು. ಕೆಸರಿನಲ್ಲಿ ಕೈಗಾಡಿಯ ಗಾಲಿಗೆರೆ.

"ಒಂದನ್ನ ಎತ್ತಿ ನೋಡು."

ಅವನು ಎತ್ತಿ, ಏದುಸಿರು ಬಿಟ್ಟು ಇಳಿಸಿದ. "ನಲವತ್ತು ಇರಬಹುದು."

"ನಲವತ್ತೆರಡು," ಎಂದಳು ಅಕ್ಕ, ಕಣ್ಣಲ್ಲೇ ತೂಗಿ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಕೋಣೆಯಲ್ಲಿ ಎಲ್ಲರೂ ಸೇರಿದರು. ಮಗ ಊರುಗೋಲಿನ ಮೇಲೆ, ಮ್ಯೂಸಿಯಂನವರು ಗಡಿಯಾರ ನೋಡುತ್ತ, ದೋಣಿಯಜ್ಜ ಬಾಗಿಲ ಬಳಿ ನಿಂತೇ.

"ನೀವು ತೂಗಿದ್ದು ಸರಿ ಸಾರ್," ಅಕ್ಕ ಶುರು ಮಾಡಿದಳು. "ಆದ್ರೆ ತೂಗಿದ್ದು ಮರುದಿನದ ದೋಣಿನ. ಸೋಮವಾರ ಅದರ ಹಿಂಬದಿಯಲ್ಲಿ, ಹಲಗೆ ಕೆಳಗೆ, ಹತ್ತು ಕಲ್ಲಿದ್ವು. ತಲಾ ನಲವತ್ತೆರಡು ಕೆಜಿ. ನಾನೂರ ಇಪ್ಪತ್ತು ಕೂಡಿಸಿ."

"ಸಾವಿರದ ಎಂಟುನೂರ ಹತ್ತು," ಟೈಪಿಸ್ಟ್ ತಟ್ಟನೆ ಹೇಳಿದ.

"ಅಷ್ಟು ಭಾರ ಆಗಿದ್ರೆ ಏರನ್ನೇ ಹತ್ತುತ್ತಿರಲಿಲ್ಲ," ಎಂದರು ಇನ್ಸ್‌ಪೆಕ್ಟರ್.

"ಕಲ್ಲಿಟ್ಟವರೂ ಹೀಗೇ ಅಂದ್ಕೊಂಡ್ರು! ತಗಡಿನ ಮೇಲಿನ ಅಂಕಿ ಎಂಜಿನ್ ಎಷ್ಟು ಎಳೆಯತ್ತೆ ಅನ್ನೋದಲ್ಲ ಸಾರ್. ಎಳೆಯೋಕೆ ಇನ್ನೂ ಹೆಚ್ಚೇ ಎಳೆಯತ್ತೆ. ಎಷ್ಟು ಭಾರಾನ ಹಿಡಿದು, ಬೇಕಾದ ಕಡೆ ನಿಲ್ಲಿಸೋಕಾಗತ್ತೆ ಅನ್ನೋದು ಆ ಅಂಕಿ. ಏರಿನಲ್ಲಿ ಜೀಪು ಟ್ರೇಲರನ್ನ ಎಳೀತು, ಇಳಿಜಾರಲ್ಲಿ ಟ್ರೇಲರು ಜೀಪನ್ನ ನೂಕ್ತು. ಅದೂ ಅಲ್ಲದೆ ಟ್ರೇಲರಲ್ಲಿ ಭಾರ ಮುಂದಿದ್ರೆ ಅದರ ಕೊಂಡಿ ಜೀಪನ್ನ ಒತ್ತಿ ಹಿಡಿಯುತ್ತೆ. ಹಿಂದಿದ್ರೆ ಕೊಂಡಿ ಮೇಲೇಳುತ್ತೆ, ಜೀಪಿನ ಹಿಂದಿನ ಚಕ್ರ ಹಗುರ ಆಗುತ್ತೆ, ಟ್ರೇಲರ್ ಬಾಲ ಬೀಸುತ್ತೆ."

"ಇಟ್ಟವರು ಯಾರು?" ಮ್ಯೂಸಿಯಂನವರು ಗಡಿಯಾರ ಮರೆತರು.

"ಸೇತುವೆ ಆದ ಮೇಲೆ ಆ ಮೆಟ್ಟಿಲು ಯಾರ ಕಣ್ಣಿಗೂ ಬೀಳಲ್ಲ ಅಂತ ಗೊತ್ತಿದ್ದವರು. ಜೀಪಿನ ಮಿತಿ ವಾರವಿಡೀ ಕೇಳಿದವರು. ಎಲ್ಲರೂ ಆಸ್ಪತ್ರೆಗೆ ಓಡಿದಾಗ ಕೈಗಾಡಿ ತಂದು ಕಲ್ಲುಗಳನ್ನ ವಾಪಸು ಜೋಡಿಸಿದವರು. ಕಾಲು ಮುರಿದ ಮಗನ ಹಿಂದೆ ಹೋಗದ ಅಪ್ಪ ಒಬ್ಬರೇ."

ಯಾರೂ ಬಾಗಿಲ ಕಡೆ ನೋಡಲಿಲ್ಲ. ಅಜ್ಜನೇ ಮಾತಾಡಿದ.

"ಎಳೆಯಲ್ಲ ಅಂದ್ಕೊಂಡೆ ತಾಯಿ. ದಡದಲ್ಲೇ ನಿಂತುಬಿಡುತ್ತೆ, ಇವರು ಬೇಸತ್ತು ಬಿಟ್ಟು ಹೋಗ್ತಾರೆ ಅಂದ್ಕೊಂಡೆ. ನನ್ನ ದೋಣಿ ನೀರಲ್ಲೇ ಇರ್ಲಿ ಅಂತ. ಜೀಪು ಹೊರಟಾಗ ಕೂಗಿದೆ. ಎಂಜಿನ್ ಸದ್ದಲ್ಲಿ ಕೇಳಿಸಲಿಲ್ಲ."

ಟೈಪಿಸ್ಟ್ ತಲೆ ತಗ್ಗಿಸಿದ. ಮಂಜಿನಲ್ಲಿ ಆಚೆ ದಡದಿಂದ ಬರುತ್ತಿದ್ದ ಅಜ್ಜನ ಕೂಗು ಅವನ ಕಿವಿಯಲ್ಲಿ ಇನ್ನೂ ಇತ್ತು. ಕಚೇರಿಗೆ ತಡವಾದವರಿಗಾಗಿ ಅಜ್ಜ ದೋಣಿ ತಿರುಗಿಸಿ ತರುತ್ತಿದ್ದ ಬೆಳಗುಗಳೂ ನೆನಪಿದ್ದವು.

ಇನ್ಸ್‌ಪೆಕ್ಟರ್ ಕನ್ನಡಕ ಒರೆಸಿಕೊಂಡರು. "ಹಾಗಾದ್ರೆ ವರದಿ ಬದಲಾಗ್ಬೇಕು. ಕೇಸು ಇವರ ಮೇಲೆ ಹೋಗುತ್ತೆ."

ಮಗ ಊರುಗೋಲು ಕುಟ್ಟುತ್ತ ಮುಂದೆ ಬಂದು ಮೇಜಿನ ಮೇಲಿನ ಪೆನ್ನು ಎತ್ತಿಕೊಂಡ. "ಬದಲಾಯಿಸಬೇಡಿ ಸಾರ್. ವೇಗ ಅಂತಾನೇ ಇರ್ಲಿ. ಲೈಸೆನ್ಸ್ ಹೋದ್ರೆ ಹೋಗ್ಲಿ, ಏನೋ ಒಂದು ಮಾಡ್ಕೊಂಡು ಬದುಕ್ತೀನಿ. ಈ ವಯಸ್ಸಲ್ಲಿ ನಮ್ಮಪ್ಪನ್ನ ಸ್ಟೇಷನ್ ಹತ್ತಿಸಬೇಡಿ. ಅಪ್ಪಾ, ನೀವು ಸುಮ್ಮನಿರಿ, ನಾನು ಸಹಿ ಹಾಕ್ತೀನಿ."

ಇನ್ಸ್‌ಪೆಕ್ಟರ್ ಅಕ್ಕನ ಮುಖ ನೋಡಿದರು. ಅಕ್ಕ ಅಜ್ಜನ ಮುಖ ನೋಡಿದಳು.

ಅಜ್ಜ ನೇರ ಮೇಜಿನ ಬಳಿ ಬಂದು, ಮಗನ ಕೈಯಲ್ಲಿದ್ದ ಪೆನ್ನನ್ನು ಕಿತ್ತುಕೊಂಡ.

"ಬೇಡ," ಎಂದ. "ನಿಜಾನೇ ಬರೀಲಿ. ಸಹಿ ನಾನು ಹಾಕ್ತೀನಿ."