ಹರಿದ ಕಾಗದದ ಕುದುರೆ

"ಮಿಸ್, ರಂಗಿ ಮತ್ತೆ ಎಡಗೈಲಿ ಕತ್ತರಿ ಹಿಡ್ಕೊಂಡವ್ಳೆ!"

ಪಕ್ಕದಲ್ಲೇ ಕೂತಿದ್ದ ಸುಮಿತ್ರ ಕೂಗಿದಳು. ರಂಗಿ ಬೆಚ್ಚಿಬಿದ್ದು ಕತ್ತರಿಯನ್ನು ಬಲಗೈಗೆ ಬದಲಾಯಿಸಿಕೊಂಡಳು. ಅಷ್ಟರಲ್ಲಿ ಕಂದು ಬಣ್ಣದ ಗ್ಲೇಸ್ ಪೇಪರ್ ಕತ್ತರಿಯ ನಡುವೆ ಮಡಚಿಕೊಂಡು ಸಿಕ್ಕಿಹಾಕಿಕೊಂಡಿತ್ತು.

ಅದು ಐದನೇ ಕ್ಲಾಸಿನ ಕ್ರಾಫ್ಟ್ ಪೀರಿಯಡ್. ಎಲ್ಲರೂ ಗ್ರೀಟಿಂಗ್ ಕಾರ್ಡ್ ಮಾಡುತ್ತಿದ್ದರು. ಬೋರ್ಡಿನ ಮೇಲೆ ನರಸಿಂಹಮ್ಮ ಮಿಸ್ ದೊಡ್ಡ ಅಕ್ಷರದಲ್ಲಿ 'ಸಂಕ್ರಾಂತಿ ಶುಭಾಶಯಗಳು, ೧೯೮೪' ಎಂದು ಬರೆದಿದ್ದರು. ಚೆನ್ನಾಗಿರುವ ಐದು ಕಾರ್ಡುಗಳು ತುಮಕೂರಿನ ಎಕ್ಸಿಬಿಷನ್‌ಗೆ ಹೋಗುತ್ತವೆ. ಕಾರ್ಡು ಮಾಡಿದ ಐದು ಜನರೂ ಮಿಸ್ ಜೊತೆ ಬಸ್ಸಿನಲ್ಲಿ ಹೋಗುತ್ತಾರೆ!

ರಂಗಿ ಎಂಬ ರಂಗಲಕ್ಷ್ಮಿ ಇನ್ನೂ ತುಮಕೂರು ನೋಡಿರಲಿಲ್ಲ.

ಅವಳು ಬಲಗೈಯಲ್ಲಿ ಕತ್ತರಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಪೊಂಗಲ್ ಮಡಕೆಯೊಂದನ್ನು ಕತ್ತರಿಸಿದಳು. ಕತ್ತರಿ ಅವಳು ಹೇಳಿದ ಕಡೆ ಹೋಗಲೇ ಇಲ್ಲ.

"ಇಲಿ ಕಡಿದಂಗೈತೆ ಕಣೇ," ಎಂದು ಸುಮಿತ್ರ ನಕ್ಕಳು.

ಮಿಸ್ ಬಂದು ಮಡಕೆಯನ್ನು ಎತ್ತಿ ನೋಡಿದರು. ಬೈಯಲಿಲ್ಲ. "ಬಲಗೈ ಅಭ್ಯಾಸ ಮಾಡ್ಕೊ ಅಂತ ಎಷ್ಟು ಸಲ ಹೇಳಿದೀನಿ ರಂಗಲಕ್ಷ್ಮಿ? ಹೋಗಲಿ ಬಿಡು. ನೀನು ಕತ್ತರಿಸೋದು ಬೇಡ. ಬೇರೆಯವರ ಕಾರ್ಡಿಗೆಲ್ಲ ಅಂಟು ಹಚ್ಚಿಕೊಡು, ಆಯ್ತಾ?"

ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ರಂಗಿಗೆ. ಪೀರಿಯಡ್ ಮುಗಿಯುವವರೆಗೂ ಮೈದಾ ಅಂಟಿನ ಡಬ್ಬ ಹಿಡಿದುಕೊಂಡು ಬೆಂಚಿನಿಂದ ಬೆಂಚಿಗೆ ಓಡಾಡಿದಳು. ಸುಮಿತ್ರಳ ಕಬ್ಬಿನ ಜಲ್ಲೆಗೂ ಅವಳೇ ಅಂಟು ಹಚ್ಚಿದಳು.

ರಂಗಿಯ ಅಪ್ಪ ಬೀರಯ್ಯನಿಗೆ ಕುಣಿಗಲ್ ಸ್ಟಡ್ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ. ಫಾರಂ ಬೇಲಿಗೆ ಹತ್ತಿರದಲ್ಲೇ ಅವರ ಮನೆ. ಆ ಸಂಜೆ ರಂಗಿ ಮನೆಯೊಳಗೆ ಹೋಗಲಿಲ್ಲ. ಬೇಲಿಯ ಹತ್ತಿರ ಕಲ್ಲಿನ ಮೇಲೆ ಕೂತು, ಬ್ಯಾಗಿನಿಂದ ಉಳಿದ ಗ್ಲೇಸ್ ಪೇಪರ್ ತೆಗೆದಳು.

"ನೀನೂ ಬೇಡ, ನಿನ್ನ ಮಡಕೇನೂ ಬೇಡ!"

ಪರ್ ಎಂದು ಹರಿದಳು. ಇನ್ನೊಂದು ಸಲ ಹರಿದಳು. ಮತ್ತೆ ಹರಿಯಲು ಹೋದವಳು ನಿಂತುಬಿಟ್ಟಳು.

ಹರಿದ ಅಂಚಿನಲ್ಲಿ ಕಂದು ಬಣ್ಣ ಕಿತ್ತುಹೋಗಿ, ಒಳಗಿನ ಬಿಳಿ ನಾರುನಾರಾಗಿ ಕಾಣುತ್ತಿತ್ತು. ಥೇಟ್ ಕೂದಲಿನಂತೆ. ರಂಗಿ ತಲೆಯೆತ್ತಿದಳು. ಬೇಲಿಯಾಚೆ ಒಂದು ಕಂದು ಕುದುರೆ ಕತ್ತು ಬಗ್ಗಿಸಿ ಹುಲ್ಲು ಮೇಯುತ್ತಿತ್ತು. ಅದರ ಕತ್ತಿನ ಕೂದಲು ಗಾಳಿಗೆ ಹಾರುತ್ತಿತ್ತು.

ಅವಳು ಇನ್ನೊಂದು ಚೂರು ತೆಗೆದುಕೊಂಡಳು. ಈ ಸಲ ಕೋಪದಿಂದ ಹರಿಯಲಿಲ್ಲ. ಬಲಗೈಯಲ್ಲಿ ಕಾಗದ ಹಿಡಿದು, ಎಡಗೈ ಬೆರಳುಗಳಿಂದ ಚೂರುಚೂರೇ ಎಳೆದಳು. ತನ್ನ ಕಡೆಗೆ ಎಳೆದರೆ ಬಿಳಿ ಅಂಚು ಬರುತ್ತಿತ್ತು. ಆಚೆಗೆ ತಳ್ಳಿದರೆ ಬರುತ್ತಿರಲಿಲ್ಲ. ಉದ್ದಕ್ಕೆ ಹರಿದರೆ ನೆಟ್ಟಗೆ ಹೋಗುವ ಕಾಗದ, ಅಡ್ಡಕ್ಕೆ ಹರಿದರೆ ತನ್ನಿಷ್ಟ ಬಂದ ಕಡೆ ಹೊರಳುತ್ತಿತ್ತು. ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ಬೆರಳಿಗೇ ಗೊತ್ತಾಗುತ್ತಾ ಹೋಯಿತು.

ಅಪ್ಪ ಕೆಲಸ ಮುಗಿಸಿ ಬರುವ ಹೊತ್ತಿಗೆ ಅವಳ ಲಂಗದ ಮೇಲೆ ಒಂದು ಕುದುರೆ ಇತ್ತು.

"ಇದ್ಯಾರವ್ವಾ ಮಾಡಿದ್ದು?"

"ನಾನೇ ಅಪ್ಪ. ಓಡೋ ಕುದುರೆ."

ಅಪ್ಪ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಕುದುರೆಯನ್ನು ಅಂಗೈ ಮೇಲಿಟ್ಟುಕೊಂಡು, ನಿಜವಾದ ಕುದುರೆಯನ್ನು ನೋಡುವಂತೆಯೇ ಕಾಲಿನಿಂದ ತಲೆಯವರೆಗೂ ನೋಡಿದ.

"ಕುದುರೆ ಏನೋ ಸರಿ. ಆದ್ರೆ ಇದು ಓಡ್ತಿಲ್ಲ ಕಣವ್ವ, ನಿಂತ್ಕೊಂಡೈತೆ. ಜೋರಾಗಿ ಓಡುವಾಗ ಕಿವಿ ಹಿಂಗೆ ನೆಟ್ಟಗಿರಾಕಿಲ್ಲ, ಹಿಂದಕ್ಕೆ ಮಲಗ್ತವೆ. ಕತ್ತು ಮುಂದಕ್ಕೆ ಚಾಚ್ತದೆ. ಬೆಳಿಗ್ಗೆ ಬೇಗ ಏಳು, ತೋರಿಸ್ತೀನಿ."

ಮರುದಿನ ಬೆಳಿಗ್ಗೆ ಚಳಿಯಲ್ಲಿ ಅಪ್ಪನ ಟವೆಲ್ ಹೊದ್ದುಕೊಂಡು ರಂಗಿ ಬೇಲಿಯ ಬಳಿ ನಿಂತಳು. ಕುದುರೆಗಳನ್ನು ಬಿಟ್ಟರು. ನೆಲ ದಡದಡ ಅಂದಿತು. ಅವಳು ರೆಪ್ಪೆ ಬಡಿಯದೆ ನೋಡಿದಳು. ಕಿವಿ ನೋಡಿದಳು, ಕತ್ತು ನೋಡಿದಳು, ಒಂದು ಕ್ಷಣ ನಾಲ್ಕು ಕಾಲೂ ನೆಲ ಬಿಟ್ಟದ್ದನ್ನು ನೋಡಿದಳು.

ಆಮೇಲೆ ಮೂರು ಸಂಜೆ ಹರಿದದ್ದೇ ಹರಿದದ್ದು. ಒಂದು ಕುದುರೆಗೆ ಕಾಲು ತುಂಡಾಯಿತು. ಇನ್ನೊಂದು ಕತ್ತೆಯಂತಾಯಿತು. ಗ್ಲೇಸ್ ಪೇಪರ್ ಮುಗಿದಾಗ ಅವ್ವ ಹಳೆಯ ಕ್ಯಾಲೆಂಡರ್ ತೆಗೆದುಕೊಟ್ಟಳು. "ಮನೆ ತುಂಬಾ ಕಸ ಮಾಡಿದೀಯ, ನೀನೇ ಗುಡಿಸ್ಬೇಕು ನೋಡು," ಎಂದೂ ಹೇಳಿದಳು. ಕ್ಯಾಲೆಂಡರಿನ ನೀಲಿಯಿಂದ ಕುಣಿಗಲ್ ಕೆರೆ ಬಂತು. ಅದರ ಹರಿದ ಬಿಳಿ ಅಂಚು ಅಲೆಯಾಯಿತು. ಕೆರೆ ದಂಡೆಯಲ್ಲಿ ಕುದುರೆ ಓಡಿತು.

ಶುಕ್ರವಾರ ಮಿಸ್ ಕಾರ್ಡುಗಳನ್ನು ಕೇಳಿದಾಗ ರಂಗಿ ಎಲ್ಲರಿಗಿಂತ ಕೊನೆಗೆ ಹೋಗಿ ಮೇಜಿನ ಮೇಲೆ ತನ್ನ ಕಾರ್ಡ್ ಇಟ್ಟಳು.

ಮಿಸ್ ಅದನ್ನು ಕೈಗೆತ್ತಿಕೊಂಡರು. ಬಹಳ ಹೊತ್ತು ನೋಡಿದರು.

"ರಂಗಲಕ್ಷ್ಮಿ, ಇದನ್ನ ಯಾರು ಕತ್ತರಿಸಿಕೊಟ್ರು? ನಿಜ ಹೇಳು."

"ಕತ್ತರಿಸಿಲ್ಲ ಮಿಸ್. ಹರಿದಿದ್ದು. ನಾನೇ ಹರಿದಿದ್ದು."

"ಸುಳ್ಳು ಮಿಸ್," ಎಂದು ಯಾರೋ ಹಿಂದಿನಿಂದ ಹೇಳಿದರು.

ಮಿಸ್ ಡ್ರಾಯರಿನಿಂದ ಒಂದು ಗ್ಲೇಸ್ ಪೇಪರ್ ತೆಗೆದು ಮುಂದಿಟ್ಟರು. "ಎಲ್ಲಿ, ನನ್ನೆದುರಿಗೆ ಹರಿ ನೋಡೋಣ."

ಇಡೀ ಕ್ಲಾಸು ಮೇಜಿನ ಸುತ್ತ ಸೇರಿತು. ರಂಗಿ ಕಾಗದ ಕೈಗೆತ್ತಿಕೊಂಡಳು. ಎಲ್ಲರೂ ನೋಡುತ್ತಿದ್ದಾರಲ್ಲ ಎಂದು ಬಲಗೈಯಲ್ಲಿ ಹರಿಯತೊಡಗಿದಳು. ಕಾಗದ ಸೊಟ್ಟಗೆ ಸೀಳಿತು. ಕೆಲವರು ಕಿಸಕ್ಕೆಂದರು.

ರಂಗಿ ಕಾಗದವನ್ನು ಕೆಳಗಿಟ್ಟಳು. ಮಿಸ್ ಮುಖ ನೋಡಿದಳು.

"ಮಿಸ್, ಎಡಗೈಲಿ ಹರೀಲಾ?"

ಮಿಸ್ ಕೈಯಲ್ಲಿದ್ದ ಕಾರ್ಡನ್ನು ಇನ್ನೊಂದು ಸಲ ನೋಡಿದರು.

"ಹೂಂ, ಹರಿ," ಎಂದರು ಮೆಲ್ಲಗೆ.

ಎಡಗೈ ಕೆಲಸ ಶುರುಮಾಡಿತು. ಮೊದಲು ಬೆನ್ನು ಬಂತು. ಆಮೇಲೆ ಚಾಚಿದ ಕತ್ತು, ಹಿಂದಕ್ಕೆ ಮಲಗಿದ ಕಿವಿ. ಕಾಲುಗಳ ಹತ್ತಿರ ರಂಗಿ ಉಸಿರು ಬಿಗಿಹಿಡಿದಳು. ಒಂದು, ಎರಡು, ಮೂರು, ನಾಲ್ಕು. ಯಾವುದೂ ತುಂಡಾಗಲಿಲ್ಲ. ಕೊನೆಗೆ ಒಂದೇ ಎಳೆತಕ್ಕೆ ಬಿಳಿ ಅಂಚಿನ ಬಾಲ.

"ಬಾಲ! ಬಾಲ ನೋಡ್ರೇ!" ಎಂದು ಕಿರುಚಿದವಳು ಸುಮಿತ್ರ.

"ನನಗೂ ಒಂದು ಕಾಗದ ಕೊಡಿ," ಎಂದರು ಮಿಸ್. ಅವರೂ ಹರಿದರು. ಬಂದದ್ದು ಎಮ್ಮೆಕರುವಿನಂಥ ಏನೋ ಒಂದು. ಮಕ್ಕಳು ಬಿದ್ದುಬಿದ್ದು ನಕ್ಕರು. ಮಿಸ್ ಅವರಿಗಿಂತ ಜೋರಾಗಿ ನಕ್ಕರು. ನಕ್ಕು ಮುಗಿಸಿ, ತುಮಕೂರಿಗೆ ಹೋಗುವವರ ಪಟ್ಟಿಯಲ್ಲಿ ಮೊದಲ ಹೆಸರು ರಂಗಲಕ್ಷ್ಮಿಯದೇ ಬರೆದರು.

ತುಮಕೂರಿನ ಎಕ್ಸಿಬಿಷನ್ ಹಾಲ್ ತುಂಬ ಜನವೋ ಜನ. ಗುಬ್ಬಿಯ ಮಕ್ಕಳು ಕ್ರೇಪ್ ಪೇಪರಿನ ಗುಲಾಬಿ ತಂದಿದ್ದರು. ಇನ್ಯಾರೋ ಬೆಂಕಿಕಡ್ಡಿಯ ಮನೆ ಕಟ್ಟಿದ್ದರು. ಕುಣಿಗಲ್ ಮೇಜಿನ ಮೇಲೆ, ಕುದುರೆ ಕಾರ್ಡಿನ ಮೂಲೆಗೆ, ಮಧ್ಯಾಹ್ನದ ಹೊತ್ತಿಗೆ ಎರಡನೇ ಬಹುಮಾನದ ಹಸಿರು ರಿಬ್ಬನ್ ಬಂದು ಕೂತಿತು. ಮಿಸ್ ಅದನ್ನು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. "ಕತ್ತರಿ ಮುಟ್ಟಿಲ್ಲ ನೋಡಿ! ಬರೀ ಬೆರಳು!"

ಕಡಬದಿಂದ ಮೊಮ್ಮಗಳ ಜೊತೆ ಬಂದಿದ್ದ ಕದರಮ್ಮ ಎಂಬ ಅಜ್ಜಿ ಕಾರ್ಡಿನ ಮುಂದೆ ನಿಂತವರು ಕದಲಲೇ ಇಲ್ಲ.

"ನಂಗೂ ಒಂದು ಮಾಡ್ಕೊಡವ್ವಾ. ನಮ್ಮನೆ ಗೋಡೆಗೆ ಅಂಟಿಸ್ಕತೀನಿ."

ರಂಗಿ ಮಿಸ್ ಕಡೆ ನೋಡಿದಳು. ಮಿಸ್ ಆಗಲೇ ಕಾಗದ ಚಾಚಿದ್ದರು.

ಅವಳು ಹರಿಯತೊಡಗಿದಳು. ಒಬ್ಬರು ನಿಂತರು, ಹತ್ತು ಜನ ನಿಂತರು. ಹಿಂದಿದ್ದವರು ತುದಿಗಾಲಲ್ಲಿ ನಿಂತು ಇಣುಕಿದರು. ಕತ್ತು ಬಂದಾಗ "ಓಹ್" ಅಂದರು. ಬಾಲ ಬಂದಾಗ ಚಪ್ಪಾಳೆ ತಟ್ಟಿದರು.

ಕುದುರೆಯನ್ನು ಅಜ್ಜಿಗೆ ಕೊಡಲು ಕೈಚಾಚಿದ ರಂಗಿಗೆ ತಟ್ಟನೆ ಗಾಬರಿಯಾಯಿತು. ಎಡಗೈ! ದೊಡ್ಡವರಿಗೆ ಎಡಗೈಯಲ್ಲಿ ಯಾರಾದರೂ ಕೊಡುತ್ತಾರೆಯೇ? ಬೇಗ ಕೈ ಹಿಂದಕ್ಕೆಳೆದು ಬಲಗೈಗೆ ಬದಲಾಯಿಸಲು ಹೋದಳು.

"ಅಯ್ಯೋ, ಯಾವ ಕೈಲಾದ್ರೂ ಕೊಡು ಮಗಾ," ಎಂದರು ಅಜ್ಜಿ, ಎರಡೂ ಅಂಗೈ ಒಡ್ಡಿ. "ತಡ ಮಾಡಿದ್ರೆ ಓಡೋಗ್ಬುಡ್ತದೆ ನಿನ್ನ ಕುದುರೆ!"

ಸುತ್ತ ನಿಂತವರು ನಕ್ಕರು. ರಂಗಿಯೂ ನಕ್ಕಳು.

ಎಡಗೈಯನ್ನು ಚಾಚಿ, ಕುದುರೆಯನ್ನು ಅಜ್ಜಿಯ ಅಂಗೈಯಲ್ಲಿ ಇಟ್ಟಳು.